ಮೂರ್ಛೆ ಬಿದ್ದವರ ಬಳಿಯಲ್ಲಿ



ಮದುವೆಯ ಮನೆ, ಧಾರೆಯ ಹೊತ್ತು. ಹೋಮದ ಹೊಗೆ, ಜನರ ನೂಕು, ವಾದ್ಯದ ಗದ್ದಲ. ಬೆಳಗಿನಿಂದ ಏನನ್ನೂ ಸೇವಿಸದೆ ನಿಂತಿದ್ದ ತರುಣಿಯೊಬ್ಬಳು ಹಠಾತ್ತಾಗಿ ಕುಸಿದು ಬೀಳುತ್ತಾಳೆ. ಆಗ ನಡೆಯುವುದೇನು? ಹತ್ತು ಜನ ಸುತ್ತ ಮುತ್ತಿಕೊಳ್ಳುತ್ತಾರೆ. ಇಬ್ಬರು ತೋಳು ಹಿಡಿದೆತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಒಬ್ಬರು ಬಾಯಿಗೆ ನೀರು ಹೊಯ್ಯುತ್ತಾರೆ. ಮತ್ತೊಬ್ಬರು ಅಂಗೈಯಲ್ಲಿಡಲು ಬೀಗದ ಕೈಯನ್ನು ತರುತ್ತಾರೆ. ಇವರೆಲ್ಲರೂ ಒಳ್ಳೆಯ ಮನಸ್ಸಿನವರೇ ಸರಿ. ಆದರೆ ಇವರು ಮಾಡಿದ ಕೆಲಸಗಳಲ್ಲಿ ಒಂದಾದರೂ ಆಕೆಗೆ ಹಿತವಾದುದಲ್ಲ. ಇಂಥ ಸಮಯದಲ್ಲಿ ಮಾಡತಕ್ಕದ್ದು ಸ್ವಲ್ಪ, ಮಾಡಬಾರದ್ದು ಬಹಳ. ಈ ಮಾತನ್ನೇ ಈ ದಿನ ತಮ್ಮಲ್ಲಿ ಅರಿಕೆಮಾಡಿಕೊಳ್ಳುತ್ತೇವೆ.

ಮೂರ್ಛೆಯೆಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಬೇರೆ ಸ್ಥಿತಿಗಳನ್ನು ಕರೆಯುತ್ತೇವೆ. ಮೊದಲನೆಯದು ಬವಳಿ. ಹಸಿವು, ಸೆಕೆ, ಬಹಳ ಹೊತ್ತು ನಿಂತಿರುವುದು, ರಕ್ತವನ್ನು ಕಂಡ ಭಯ, ಇವುಗಳಿಂದ ರಕ್ತದ ಒತ್ತಡ ತಟ್ಟನೆ ಇಳಿದು, ಮಿದುಳಿಗೆ ಸಾಕಷ್ಟು ರಕ್ತ ಏರದೆ ಹೋಗುತ್ತದೆ. ಎರಡನೆಯದು ಸೆಳವು, ಜನ ಇದನ್ನು ಫಿಟ್ಸು ಎನ್ನುವುದುಂಟು. ಮಿದುಳಿನ ಜೀವಕಣಗಳಲ್ಲಿ ಹರಿಯುವ ವಿದ್ಯುತ್ತು ಸ್ವಲ್ಪ ಹೊತ್ತು ಕ್ರಮ ತಪ್ಪುವುದೇ ಇದರ ಮೂಲ. ವಿಶೇಷ ಕಾರಣವಿಲ್ಲದೆ ಇದು ಮತ್ತೆ ಮತ್ತೆ ಬರುವುದಾದರೆ ಅದು ಅಪಸ್ಮಾರ.

ಎರಡನ್ನೂ ಗುರುತಿಸುವುದು ಹೇಗೆ? ಬವಳಿ ಬರುವವರಿಗೆ ಸಾಮಾನ್ಯವಾಗಿ ಮುನ್ಸೂಚನೆಯುಂಟು: ಕಣ್ಣು ಕತ್ತಲಿಡುತ್ತದೆ, ಬೆವರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಮಲಗಿಸಿದರೆ ಒಂದು ನಿಮಿಷದೊಳಗಾಗಿ ಎಚ್ಚರ ಬಂದು, ತಾವೆಲ್ಲಿರುವೆವೆಂಬುದನ್ನು ಬೇಗ ತಿಳಿಯುತ್ತಾರೆ. ಸೆಳವಿನಲ್ಲಾದರೋ ಮೈ ಮರಗಟ್ಟಿದಂತೆ ಬಿಗಿದು, ಬಳಿಕ ಕೈಕಾಲುಗಳು ಲಯಬದ್ಧವಾಗಿ ಅದುರುತ್ತವೆ. ಕಣ್ಣು ತೆರೆದಿರುತ್ತದೆ, ತುಟಿ ನೀಲಿಯಾಗಬಹುದು, ನಾಲಗೆಯ ಅಂಚು ಹಲ್ಲಿಗೆ ಸಿಕ್ಕಬಹುದು. ಅದುರುವುದು ನಿಂತಮೇಲೂ ಹಲವು ನಿಮಿಷ ಮಂಕು ಕವಿದಿರುತ್ತದೆ. ಬವಳಿಯಲ್ಲಿಯೂ ಕೈಕಾಲು ಎರಡು ಮೂರು ಬಾರಿ ಮಿಡುಕುವುದುಂಟು. ಅಷ್ಟರಿಂದಲೇ ಅಪಸ್ಮಾರವೆಂದು ಹೆಸರಿಡಲಾಗದು. ಹಾಗೆಯೇ ಎಲ್ಲ ಸೆಳವುಗಳಲ್ಲಿಯೂ ಬೀಳಬೇಕೆಂಬ ನಿಯಮವಿಲ್ಲ. ಮಾತನಾಡುತ್ತಿದ್ದ ಮಗು ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ನೋಡಿ ಮತ್ತೆ ಮಾತು ಮುಂದುವರಿಸಿದರೆ, ಅದನ್ನು ಅಲಕ್ಷ್ಯವೆಂದು ಗದರಿಸುವ ಮೊದಲು ವೈದ್ಯರಿಗೆ ತೋರಿಸುವುದು ಲೇಸು.

ಇನ್ನು ಉಪಚಾರ. ಬವಳಿ ಬಂದವರನ್ನು ಎತ್ತಿ ಕೂರಿಸಬಾರದು. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು, ಬಿಗಿಯಾದ ಉಡುಪನ್ನು ಸಡಿಲಿಸಬೇಕು. ಪೂರ್ಣ ಎಚ್ಚರ ಬರುವವರೆಗೂ ಬಾಯಿಗೆ ಏನನ್ನೂ ಹಾಕಕೂಡದು. ಓಡುವಾಗ, ಭಾರ ಹೊರುವಾಗ ಅಥವಾ ಎದೆನೋವಿನೊಡನೆ ಮೂರ್ಛೆ ಬಂದರೆ ಹೃದಯದ ದೋಷವಿರಬಹುದು. ಅಂಥವರನ್ನು ಅಂದೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಸೆಳವು ಬಂದಾಗ ಮೊದಲು ಗಡಿಯಾರವನ್ನು ನೋಡಿರಿ. ಬೆಂಕಿ, ನೀರು, ಚೂಪಾದ ವಸ್ತುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮಡಿಸಿದ ವಸ್ತ್ರವನ್ನಿಡಿರಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿರಿ. ಹಲ್ಲುಗಳ ನಡುವೆ ಚಮಚವನ್ನಾಗಲಿ ಬೆರಳನ್ನಾಗಲಿ ತುರುಕಬೇಡಿರಿ. ಹಲ್ಲು ಮುರಿಯುವುದೇ ಅದರ ಫಲ. ಕಬ್ಬಿಣ, ಈರುಳ್ಳಿ, ಪಾದರಕ್ಷೆ, ಇವು ಯಾವುವೂ ಸೆಳವನ್ನು ನಿಲ್ಲಿಸಲಾರವು. ಸೆಳವು ಬಹುಪಾಲು ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ, ಆಗ ಕೈಯಲ್ಲಿದ್ದ ಬೀಗದ ಕೈಗೆ ಕೀರ್ತಿ ಬಂದಿತು, ಅಷ್ಟೆ! ಅದುರುವುದು ನಿಂತೊಡನೆ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಎಂಜಲು ಹೊರಕ್ಕೆ ಹರಿದು ಉಸಿರು ಸರಾಗವಾಗುತ್ತದೆ. ಸೆಳವು ಐದು ನಿಮಿಷ ಮೀರಿದರೆ, ಎಚ್ಚರ ಬರುವ ಮೊದಲೇ ಮತ್ತೆ ಬಂದರೆ, ಅದು ಮೊದಲನೆಯ ಸೆಳವಾಗಿದ್ದರೆ, ರೋಗಿ ಗರ್ಭಿಣಿಯಾಗಿದ್ದರೆ, ಇಲ್ಲವೆ ಉಸಿರಾಟ ಕಾಣದಿದ್ದರೆ, ಒಡನೆಯೇ 108ಕ್ಕೆ ಕರೆಮಾಡಬೇಕು.

ನಮ್ಮ ನಾಡಿನಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯನ್ನು ಇಲ್ಲಿ ಹೇಳಲೇಬೇಕು. ಅದು ಬಿಸಿನೀರಿನ ಅಪಸ್ಮಾರ. ಹಂಡೆಯ ಬಿಸಿನೀರನ್ನು ಮೊಗೆಮೊಗೆದು ತಲೆಗೆ ಹೊಯ್ದುಕೊಳ್ಳುವಾಗ ಇದು ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1988ರಲ್ಲಿ ಇಂಥ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಸ್ನಾನದ ನಡುವೆ ಮಂಕಾಗಿ ನಿಲ್ಲುವುದು, ಅರ್ಥವಿಲ್ಲದ ಮಾತನಾಡುವುದು, ನಿಲ್ಲಿಸದೆ ನೀರು ಹೊಯ್ದುಕೊಳ್ಳುತ್ತಲೇ ಇರುವುದು, ಇವು ಇದರ ಲಕ್ಷಣಗಳು. ಅಭ್ಯಂಜನದ ಬಳಲಿಕೆಯೆಂದು ಮನೆಯವರು ಇದನ್ನು ವರ್ಷಗಟ್ಟಲೆ ಕಡೆಗಣಿಸುವುದುಂಟು. ನೀರಿನ ಬಿಸಿಯನ್ನು ತಗ್ಗಿಸಿ, ಬಚ್ಚಲಮನೆಯ ಅಗಳಿ ಹಾಕದೆ, ಒಬ್ಬರನ್ನು ಸಮೀಪದಲ್ಲಿರಿಸಿಕೊಂಡು ಸ್ನಾನಮಾಡುವುದು ಸುಲಭವಾದ ಎಚ್ಚರಿಕೆ. ಮಿಕ್ಕುದು ವೈದ್ಯರ ಕೆಲಸ.

ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಬ್ಜನಿಗೆ ನಮ್ಮ ಹಿರಿಯರು ಅಪಸ್ಮಾರನೆಂದು ಹೆಸರಿಟ್ಟರು. ಆದರೆ ಚರಕಸಂಹಿತೆ ಇದನ್ನು ಚಿಕಿತ್ಸೆಗೆ ತಕ್ಕ ರೋಗವೆಂದೇ ಎಣಿಸಿ ಅಧ್ಯಾಯವನ್ನು ಮೀಸಲಿರಿಸಿತು. ಈಗಂತೂ ತಕ್ಕ ಔಷಧ ದೊರೆತರೆ ಹತ್ತರಲ್ಲಿ ಏಳರಷ್ಟು ರೋಗಿಗಳು ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಔಷಧವನ್ನು ತಾವಾಗಿ ನಿಲ್ಲಿಸಬಾರದು, ಅಷ್ಟೆ. ಇಷ್ಟಾದರೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಮಾತ್ರೆಯ ಡಬ್ಬಿ ಅಕ್ಕಿಯ ಪಾತ್ರೆಯ ಹಿಂದೆ ಅಡಗಿರುತ್ತದೆ. ಮದುವೆಯ ಮಾತು ಬಂದ ದಿನ ಮಾತ್ರೆಯೇ ನಿಂತುಹೋಗುತ್ತದೆ. ಸೆಳವು ಮರಳಿ ಬರುತ್ತದೆ. 1999ರ ತಿದ್ದುಪಡಿಯಿಂದ ಹಿಂದೂ ವಿವಾಹದ ಕಾನೂನಿನಲ್ಲಿದ್ದ ಅಪಸ್ಮಾರದ ಅಡ್ಡಿಯನ್ನು ತೆಗೆದುಹಾಕಲಾಯಿತು. ಕಾನೂನು ಬಿಟ್ಟುಕೊಟ್ಟುದನ್ನು ನಾವು ಹಿಡಿದಿಟ್ಟುಕೊಂಡಿರುವುದು ನ್ಯಾಯವೆ?

ಮುಂದೊಮ್ಮೆ ತಮ್ಮೆದುರಿನಲ್ಲಿ ಯಾರಾದರೂ ಬಿದ್ದರೆ, ಜನರನ್ನು ಸರಿಸಿ, ಗಡಿಯಾರವನ್ನು ನೋಡಿ, ಪಕ್ಕದಲ್ಲಿ ಕುಳಿತಿರಿ. ಕಣ್ಣು ತೆರೆದಾಗ ಅವರಿಗೆ ಕಾಣುವುದು ಗುಂಪಿನ ಕುತೂಹಲವಾಗದೆ ಒಂದು ಶಾಂತವಾದ ಮುಖವಾಗಲಿ.