ಮರೆಮಾಡಿದ ರೈಲು



ಊರು ಬಿಟ್ಟು ಬಂದ ನಾವೆಲ್ಲರೂ ರೈಲನ್ನು ಕಿಟಕಿಯೊಳಗಿಂದ ಬಲ್ಲವರು. ಅದೇ ಹಳಿಯನ್ನು ಆಕಾಶದಿಂದ ನೋಡಿದರೆ ಕಥೆಯೇ ಬೇರೆ. 1919ರಲ್ಲಿ ಫ್ರಾನ್ಸಿಸ್ ವಿಲ್ಸ್ ಹಾಗೂ ಕ್ಲಾಡ್ ಗ್ರಹಾಂ-ವೈಟ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಏರೋಫಿಲ್ಮ್ಸ್ ಎಂಬ ಕಂಪನಿ ಕಟ್ಟಿ, ವಿಮಾನದಿಂದ ಊರು, ಕಾರ್ಖಾನೆ, ಸಿರಿವಂತರ ಹಳ್ಳಿಮಹಲುಗಳ ಚಿತ್ರ ತೆಗೆಯತೊಡಗಿದರು. 1953ರವರೆಗಿನ ಸುಮಾರು 95,000 ಚಿತ್ರಗಳನ್ನು 2012ರಿಂದೀಚೆಗೆ ಸಾರ್ವಜನಿಕರ ಮುಂದಿಟ್ಟಿದ್ದಾರೆ.

ಇಂಥ ಚಿತ್ರಗಳಲ್ಲಿ ನಡುವೆ ಮಹಲು, ಸುತ್ತ ಉಪವನ. ಹಳಿ ಬಂದರೆ ಅಂಚಿನಲ್ಲೆಲ್ಲೋ ಬಳುಕಿ ಹೋಗುತ್ತದೆ. ಆ ಬಳುಕು ಎಂಜಿನಿಯರನದೇ ಎಂದು ನಾವು ನಂಬಬೇಕಾಗಿಲ್ಲ. ಲೆಸ್ಟರ್‌ಷೈರಿನ ಸ್ಟೇಪಲ್‌ಫರ್ಡ್ ಪಾರ್ಕಿನ ಒಡೆಯ ಲಾರ್ಡ್ ಹಾರ್ಬರೋ ಕಾಲುವೆ ಕಂಪನಿಯ ಪಾಲುದಾರ. ರೈಲು ಬಂದರೆ ಕಾಲುವೆ ಕೆಟ್ಟಿತು! 1844ರಲ್ಲಿ ಅಳತೆಗೆ ಬಂದ ರೈಲ್ವೆಯವರನ್ನು ಅವನ ಆಳುಗಳು ಅಡ್ಡಗಟ್ಟಿ ಹೊಡೆದಾಡಿದರು. ಕೊನೆಗೆ ಹಳಿ ಉಪವನವನ್ನು ಬಳಸಿಕೊಂಡು ಹೋಯಿತು. ಆ ಕಡಿದಾದ ತಿರುವನ್ನು ನೇರಗೊಳಿಸಲು 1892ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಪ್ರಭು ತೀರಿಕೊಂಡು ಮೂವತ್ತು ವರ್ಷಗಳೇ ಕಳೆದಿದ್ದವು.

ಡರ್ಬಿಷೈರಿನ ಹ್ಯಾಡನ್ ಹಾಲ್ ಇನ್ನೂ ವಿಚಿತ್ರ. ಮನೆಯ ಮುಂದೆ ಹೊಗೆಬಂಡಿ ಕಾಣಬಾರದೆಂಬ ರಟ್ಲೆಂಡ್ ಡ್ಯೂಕರ ಹಟಕ್ಕಾಗಿ ರೈಲನ್ನು ಸುರಂಗದಲ್ಲಿ ಹಾಯಿಸಿದರು. ಅದರ ಬಹುಭಾಗ ಬೆಟ್ಟ ಕೊರೆದದ್ದಲ್ಲ, ನೆಲ ಅಗೆದು, ಕಮಾನು ಕಟ್ಟಿ, ಮತ್ತೆ ಮಣ್ಣು ಮುಚ್ಚಿದ್ದು. ಆಗ ಡ್ಯೂಕರ ಮನೆತನ ಬಾಳುತ್ತಿದ್ದುದೋ ಬೀವರ್ ಕೋಟೆಯಲ್ಲಿ! ಹ್ಯಾಡನ್ನಿನಲ್ಲಿ ತಲೆಮಾರುಗಳಿಂದ ಸಂಸಾರ ಹೂಡಿದವರಿರಲಿಲ್ಲ; 1920ರ ದಶಕದಲ್ಲಷ್ಟೇ ಅದನ್ನು ಮತ್ತೆ ವಾಸಕ್ಕೆ ಸಜ್ಜುಗೊಳಿಸಿದರು. ಬರಿದಾದ ಕಿಟಕಿಗಳ ಮರ್ಯಾದೆಗಾಗಿ ಇಷ್ಟು ಮಣ್ಣು ಹೊರಬೇಕಾಯಿತೆಂದರೆ ನಮಗೆ ನಗು ಬರುವುದು ಸಹಜ. ಆದರೆ 1861ರಲ್ಲಿ ಆ ಸುರಂಗ ಕುಸಿದು ಕೂಲಿಗಳು ಸತ್ತರೆಂಬುದನ್ನು ಕೇಳಿದ ಮೇಲೆ ನಗು ಉಳಿಯುವುದಿಲ್ಲ.

ಮುಂದೆ ಕಾಲಚಕ್ರ ತಿರುಗಿತು. ತೆರಿಗೆಯ ಭಾರ, ಆಳುಗಳ ಅಭಾವದಿಂದ ನೂರಾರು ಮಹಲುಗಳು ನೆಲಸಮವಾದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಜಿಯಮ್ಮಿನಲ್ಲಿ ಅವುಗಳ ಅಳಿವಿನ ಬಗೆಗೇ ಒಂದು ಪ್ರದರ್ಶನ ನಡೆಯಿತು. ಹಲವು ರೈಲುದಾರಿಗಳೂ ಮುಚ್ಚಿದವು. ಸಂಜೆಯ ಓರೆಬಿಸಿಲಿನಲ್ಲಿ ತೆಗೆದ ಚಿತ್ರವಾದರೆ, ಕಿತ್ತುಹಾಕಿದ ಹಳಿಯ ಏರಿ ಕೂಡ ಉದ್ದನೆಯ ನೆರಳಾಗಿ ಎದ್ದು ಕಾಣುತ್ತದೆ.

ಹ್ಯಾಡನ್ನಿನ ಹಳಿ 1968ರಲ್ಲಿ ನಿಂತುಹೋಯಿತು. ಮಹಲು ಇಂದಿಗೂ ಇದೆ. ಸುರಂಗದ ಮೇಲೆ ಹುಲ್ಲು, ಮರ. ಕೂಲಿಗಳು ಮಣ್ಣು ಮುಚ್ಚಿದ ಆ ಜಾಗ, ಆಕಾಶದಿಂದ ನೋಡಿದವರಿಗೆ ಬರಿಯ ಗುಡ್ಡದ ಇಳಿಜಾರು.