ಲ್ಯಾನ್ಸ್ ಟಾಡ್: ತಾನೂ ಬಿಕರಿಯಾದ, ತಂಡವನ್ನೂ ಕಟ್ಟಿದ



ಆಟಗಾರ ಆಡಿದ್ದಕ್ಕೆ ದುಡ್ಡು ಇಸಿದುಕೊಳ್ಳುವುದು ತಪ್ಪೇ? ಐಪಿಎಲ್ ಹರಾಜನ್ನು ಮನೆಮಂದಿಯೆಲ್ಲ ಕೂತು ನೋಡುವ ನಮಗೆ ಇದು ಪ್ರಶ್ನೆಯೇ ಅಲ್ಲ. ಆದರೆ ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ರಗ್ಬಿಯನ್ನು ಎರಡು ಹೋಳು ಮಾಡಿತು. ಆ ಒಡಕಿನಲ್ಲಿ ರೂಪುಗೊಂಡ ಒಬ್ಬ ಆಟಗಾರ, ಮುಂದೆ ತಂಡ ಕಟ್ಟಿದವನು, ಲ್ಯಾನ್ಸ್ ಟಾಡ್. ಇವತ್ತು ಅವನ ಬಗ್ಗೆ ಮಾತಾಡುತ್ತೇನೆ.

ಮೊದಲು ಒಡಕಿನ ಕಥೆ. ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಯ ಆಟಗಾರರಲ್ಲಿ ಬಹಳಷ್ಟು ಮಂದಿ ಗಣಿಯಲ್ಲೋ ಗಿರಣಿಯಲ್ಲೋ ದುಡಿಯುವವರು. ಶನಿವಾರ ಪಂದ್ಯಕ್ಕೆ ಹೊರಟರೆ ಆ ದಿನದ ಕೂಲಿಗೆ ಕತ್ತರಿ. ಕಳೆದ ಕೂಲಿಯನ್ನಾದರೂ ತುಂಬಿಕೊಡಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. ರಗ್ಬಿಯ ಆಡಳಿತ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಆ ಕ್ಲಬ್ಬುಗಳು ಸೇರಿ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ದುಡ್ಡು ಕೊಟ್ಟು ನೋಡುವ ಜನಕ್ಕೆ ಓಟ ಬೇಕು, ಬರೀ ತಳ್ಳಾಟ ಸಾಲದು. ಹಾಗಾಗಿ 1906ರಲ್ಲಿ ಹದಿನೈದು ಜನರ ಆಟ ಹದಿಮೂರಕ್ಕೆ ಇಳಿಯಿತು. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕ ರೇಡರ್ ಔಟ್. ಇಲ್ಲಿ ಹಿಡಿತಕ್ಕೆ ಸಿಕ್ಕವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ತನ್ನವರ ಕಡೆಗೆ ಸರಿಸಿ ಆಟ ಮುಂದುವರಿಸುತ್ತಾನೆ.

ಈ ಹೊಸ ಆಟದ ಸುದ್ದಿ ನ್ಯೂಜಿಲೆಂಡಿಗೂ ತಲುಪಿತು. ವೆಲ್ಲಿಂಗ್ಟನ್‌ನ ಅಂಚೆ ಗುಮಾಸ್ತ ಆಲ್ಬರ್ಟ್ ಬಾಸ್ಕರ್‌ವಿಲ್ ಒಂದು ತಂಡ ಕಟ್ಟಿ, 1907ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿಸಿದ. ಆಟಗಾರರು ತಲಾ 50 ಪೌಂಡ್ ಹಾಕಿದ್ದರು. ಲಾಭ ಬಂದರೆ ಹಂಚಿಕೊಳ್ಳುವ ಕರಾರು. ನ್ಯೂಜಿಲೆಂಡ್ ತಂಡಕ್ಕೆ ‘ಆಲ್ ಬ್ಲ್ಯಾಕ್ಸ್’ ಎಂಬ ಹೆಸರಿತ್ತಲ್ಲ, ದುಡ್ಡಿಗಾಗಿ ಹೊರಟ ಇವರನ್ನು ಸಿಡ್ನಿಯ ಪತ್ರಿಕೆಗಳು ‘ಆಲ್ ಗೋಲ್ಡ್ಸ್’ ಎಂದು ಹಂಗಿಸಿದವು. ತಾಯ್ನಾಡಿನ ರಗ್ಬಿ ಸಂಸ್ಥೆ ಅವರಿಗೆಲ್ಲ ಆಜೀವ ಬಹಿಷ್ಕಾರ ಹಾಕಿತು. ಆಕ್ಲೆಂಡಿನ ಲ್ಯಾನ್ಸ್ ಟಾಡ್ ಆ ತಂಡದ ಒಬ್ಬ. ಹೊಸ ನಿಯಮಗಳ ಆಟವನ್ನು ಅವರು ಇಂಗ್ಲೆಂಡಿಗೆ ಹೋದಮೇಲೆಯೇ ಕಲಿತದ್ದು. ಆದರೂ ಟೆಸ್ಟ್ ಸರಣಿಯನ್ನು 2–1ರಿಂದ ಗೆದ್ದರು. ಬಾಸ್ಕರ್‌ವಿಲ್ ಮಾತ್ರ ಮನೆ ಸೇರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಬ್ರಿಸ್ಬೇನಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಆಗ ಅವನಿಗೆ 25 ವರ್ಷ.

ಟಾಡ್ ಇಂಗ್ಲೆಂಡಿನಲ್ಲೇ ಉಳಿದ. ವಿಗನ್ ಕ್ಲಬ್ ಅವನನ್ನು 400 ಪೌಂಡಿಗೆ ಕೊಂಡಿತು. ಆ ಕಾಲಕ್ಕೆ ಅದು ಬಾಯಿ ಬಿಟ್ಟು ನೋಡುವಂಥ ಮೊತ್ತ. ವಿಗನ್‌ನಲ್ಲಿ ವೇಲ್ಸಿನ ಬರ್ಟ್ ಜೆಂಕಿನ್ಸ್ ಜೊತೆ ಸೆಂಟರ್ ಸ್ಥಾನದಲ್ಲಿ ಆಡಿದ. 1909ರಿಂದ 1913ರವರೆಗೆ ಸತತ ಐದು ವರ್ಷ ವಿಗನ್ ಚಾಂಪಿಯನ್‌ಷಿಪ್ ಫೈನಲ್ ಮುಟ್ಟಿತು. ಗೆದ್ದದ್ದು ಮೊದಲನೆಯದನ್ನು ಮಾತ್ರ. ಆಮೇಲೆ ಟಾಡ್ ಡ್ಯೂಸ್‌ಬರಿ ತಂಡಕ್ಕೆ ಹೋದ.

ಬಂಧುಗಳೇ, ಇಷ್ಟೇ ಆಗಿದ್ದರೆ ಅವನು ಒಳ್ಳೆಯ ಆಟಗಾರರ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯುತ್ತಿದ್ದ. ಅವನ ದೊಡ್ಡ ಕೆಲಸ ಶುರುವಾದದ್ದು 1928ರಲ್ಲಿ, ಸ್ಯಾಲ್ಫರ್ಡ್ ಕ್ಲಬ್ಬಿನ ಕಾರ್ಯದರ್ಶಿ-ವ್ಯವಸ್ಥಾಪಕನಾದಾಗ. ಆಗ ಸ್ಯಾಲ್ಫರ್ಡ್ ಪಟ್ಟಿಯ ತಳದಲ್ಲಿ ಒದ್ದಾಡುತ್ತಿತ್ತು. ಟಾಡ್ ಆಟಗಾರರನ್ನು ಹುಡುಕುತ್ತ ಹೋದ. ಮರುವರ್ಷವೇ ಕಾರ್ಡಿಫ್‌ನಿಂದ ಗಸ್ ರಿಸ್ಮನ್ ಎಂಬ ಹದಿಹರೆಯದ ಹುಡುಗನನ್ನು ಕರೆತಂದ. ವೇಲ್ಸಿನ ರಗ್ಬಿ ಹುಡುಗರಿಗೆ ಉತ್ತರದ ಕ್ಲಬ್ಬಿನ ಕರೆ ಎಂದರೆ ಸಂಪಾದನೆ. ಆದರೆ ಸಹಿ ಹಾಕಿದರೆ ಹಳೆಯ ಆಟದ ಬಾಗಿಲು ಕಾಯಂ ಮುಚ್ಚಿದ ಹಾಗೆ. ಆ ಸಹಿಯ ಬೆಲೆ ಎಷ್ಟೆಂದು ಟಾಡ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನೂ ಅದನ್ನು ತೆತ್ತೇ ಬಂದವನು. ಊರು ಬಿಟ್ಟು ಬಂದವನಿಗೆ ಗೆಲ್ಲುವ ತಂಡವನ್ನಾದರೂ ಕೊಡಬೇಕು. ಟಾಡ್ ಅದನ್ನು ಕೊಟ್ಟ.

ಫಲ ನೋಡಿ: 1933, 1937, 1939ರಲ್ಲಿ ಚಾಂಪಿಯನ್‌ಷಿಪ್. 1934ರಲ್ಲಿ ಈ ಆಟ ಆಗಷ್ಟೇ ಬೇರುಬಿಡುತ್ತಿದ್ದ ಫ್ರಾನ್ಸಿಗೆ ಪ್ರವಾಸ ಹೋದರು. ಕೆಂಪಂಗಿಯ ಈ ತಂಡಕ್ಕೆ ಫ್ರೆಂಚರು ‘ಕೆಂಪು ದೆವ್ವಗಳು’ ಎಂದು ಹೆಸರಿಟ್ಟರು. ಮುಂದೆ ರೆಡ್ ಡೆವಿಲ್ಸ್ ಎಂಬುದೇ ಕ್ಲಬ್ಬಿನ ಅಡ್ಡಹೆಸರಾಯಿತು. 1938ರಲ್ಲಿ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್. ಎದುರಾಳಿ ಬ್ಯಾರೋ. ಕೊನೆಗಳಿಗೆಯಲ್ಲಿ ಆಲ್ಬರ್ಟ್ ಗಿಯರ್ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಗಳಿಸಿದ ‘ಟ್ರೈ’ಯಿಂದ ಸ್ಯಾಲ್ಫರ್ಡ್ 7–4ರಿಂದ ಗೆದ್ದಿತು. ನಾಯಕ ರಿಸ್ಮನ್ ಕೈಗೆ ಕಪ್ ಕೊಟ್ಟವರು ಯಾರು ಗೊತ್ತೆ? ಆ ಬೇಸಿಗೆಯ ಆ್ಯಷಸ್ ಸರಣಿಗೆಂದು ಬಂದಿದ್ದ ಡಾನ್ ಬ್ರಾಡ್ಮನ್.

ಟಾಡ್ ಬಿಬಿಸಿ ರೇಡಿಯೋದಲ್ಲಿ ವೀಕ್ಷಕ ವಿವರಣೆಯನ್ನೂ ಕೊಡುತ್ತಿದ್ದ. ಮೈದಾನಕ್ಕೆ ಹೋಗಲಾಗದವರ ಕಿವಿಗೆ ಆಟ ತಲುಪಿಸಿದವರಲ್ಲಿ ಅವನೂ ಒಬ್ಬ. ಯುದ್ಧದ ನಡುವೆ, 1942ರ ನವೆಂಬರಿನಲ್ಲಿ, ಓಲ್ಡಮ್‌ನಲ್ಲಿ ಪಂದ್ಯ ಮುಗಿಸಿ ಮರಳುವಾಗ ರಸ್ತೆ ಅಪಘಾತದಲ್ಲಿ ಸತ್ತ.

1946ರಿಂದ ಚಾಲೆಂಜ್ ಕಪ್ ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಲ್ಯಾನ್ಸ್ ಟಾಡ್ ಟ್ರೋಫಿ ಕೊಡುತ್ತಾರೆ. ಮೊದಲು ಪಡೆದವನು ವೇಕ್‌ಫೀಲ್ಡಿನ ಬಿಲ್ಲಿ ಸ್ಟಾಟ್. 1948ರಲ್ಲಿ ಅದು ಬ್ರ್ಯಾಡ್‌ಫರ್ಡಿನ ಫ್ರಾಂಕ್ ವಿಟ್‌ಕೂಮ್‌ಗೆ ಸಿಕ್ಕಿತು. ಅವನ ತಂಡ ಅಂದು ಸೋತಿತ್ತು. ಫಲಿತಾಂಶದ ಆಚೆಗೂ ಆಟಗಾರನನ್ನು ಗುರುತಿಸುವ ಇಂಥ ಬಹುಮಾನಕ್ಕೆ, ಆಟಗಾರರನ್ನು ಗುರುತಿಸುವುದನ್ನೇ ಕಸುಬಾಗಿಸಿಕೊಂಡವನ ಹೆಸರು ಸರಿಯಾಗಿಯೇ ಇದೆ. ಇನ್ನು ರಿಸ್ಮನ್? ಅವನು ವರ್ಕಿಂಗ್ಟನ್ ಟೌನ್ ತಂಡಕ್ಕೆ ಆಟಗಾರ-ವ್ಯವಸ್ಥಾಪಕನಾಗಿ ಹೋಗಿ, 1952ರಲ್ಲಿ, ತನ್ನ 41ನೇ ವಯಸ್ಸಿನಲ್ಲಿ, ವೆಂಬ್ಲಿಯಲ್ಲಿ ಮತ್ತೆ ಅದೇ ಕಪ್ ಎತ್ತಿದ. ಕೂಲಿ ಕೇಳಿದ್ದಕ್ಕೆ ಹೊರಬಿದ್ದವರ ಆಟ, ಎರಡು ತಲೆಮಾರಿನಲ್ಲಿ, ತನ್ನ ಗುರುಗಳನ್ನು ತಾನೇ ತಯಾರು ಮಾಡಿಕೊಳ್ಳುವಷ್ಟು ಬೆಳೆದಿತ್ತು. ದುಡ್ಡು ಬಂದರೆ ಆಟ ಕೆಡುತ್ತದೆ ಎಂದವರಿಗೆ ಟಾಡ್‌ನ ಬದುಕು ಕೊಡುವ ಉತ್ತರ ಇದು.