ಯುದ್ಧದೂರಿನ ಮಕ್ಕಳಿಗೆ ವಾರಕ್ಕೊಂದು ತಾಸು
(ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಸ್ಥರ ಸಭೆಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಎಳೆದು ಬಂದಿರುವಿರಿ. ಬಹಳ ಹೊತ್ತು ಕೂರಿಸುವುದಿಲ್ಲ. ನಾವು ಚಂದಾ ಕೇಳಲು ಬಂದವರೂ ಅಲ್ಲ. ಯುದ್ಧಕ್ಕೆ ಸಿಕ್ಕ ಮಕ್ಕಳಿಗೆ ಸಂಬಳವಿಲ್ಲದೆ ಮೊಬೈಲಿನ ಮೂಲಕ ಪಾಠ ಹೇಳುವ ಮಾಸ್ತರರೂ ಅಕ್ಕೋರೂ ಲೋಕದ ಅನೇಕ ಕಡೆ ಇದ್ದಾರೆ. ಆ ಕೆಲಸಕ್ಕೆ ಈ ನಾಲ್ಕು ತಾಲೂಕುಗಳಿಂದಲೂ ಕೆಲವರು ಏಳಬೇಕು ಎಂಬುದೇ ನಮ್ಮ ಮಾತು.

ಎಲ್ಲಿಯ ಯುಕ್ರೇನು, ಎಲ್ಲಿಯ ಹಾನಗಲ್ಲು ಎನ್ನುವವರಿದ್ದಾರೆ. ನಮ್ಮ ಜಿಲ್ಲೆಯವರು ಈ ಪ್ರಶ್ನೆ ಕೇಳಬಾರದು. ಪಕ್ಕದ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ಹುಡುಗನೊಬ್ಬ ಖಾರ್ಕೀವಿನಲ್ಲಿ ವೈದ್ಯಕೀಯದ ನಾಲ್ಕನೆಯ ವರ್ಷ ಓದುತ್ತಿದ್ದ. 2022ರ ಮಾರ್ಚ್ 1ರಂದು ದಿನಸಿ ತರಲು ಹೊರಬಿದ್ದವನು ಶೆಲ್ ದಾಳಿಗೆ ಸಿಕ್ಕು ಸತ್ತ. ದೇಹ ಊರಿಗೆ ಬರಲು ಮೂರು ವಾರ ಬೇಕಾಯಿತು. ಬಂದ ದೇಹವನ್ನು ಮನೆಯವರು ಮಣ್ಣು ಮಾಡಲಿಲ್ಲ. ಮುಂದಿನ ಹುಡುಗರು ಕಲಿಯಲೆಂದು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು.

ಆಗ ಅಲ್ಲಿಂದ ಜೀವ ಉಳಿಸಿಕೊಂಡು ಬಂದ ಭಾರತೀಯರು ಸುಮಾರು 22,500. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಇವರು ಮನೆಗೆ ಬಂದು ಕುಳಿತ ಮೇಲೆ, ಅದೇ ಮಾರ್ಚ್ ತಿಂಗಳ ನಡುವಿನಿಂದ ಅಲ್ಲಿಯ ಅನೇಕ ವಿದ್ಯಾಲಯಗಳು ಪಾಠ ಮತ್ತೆ ಆರಂಭಿಸಿದವು. ಪಾಠ ಹೇಳುವವರು ಬಾಂಬು ಬೀಳುವ ಊರಿನಲ್ಲಿ, ಕೇಳುವವರು ಇಲ್ಲಿಯ ಪಡಸಾಲೆಯಲ್ಲಿ. ಸೈರನ್ ಕೂಗಿದರೆ ಪಾಠ ನಿಲ್ಲುತ್ತಿತ್ತು. ಅಪಾಯ ಕಳೆದ ಮೇಲೆ ಮುಂದುವರಿಯುತ್ತಿತ್ತು. ಶುಲ್ಕ ಕೊಟ್ಟಿದ್ದೆವಲ್ಲ ಎನ್ನಬಹುದು. ಕೊಟ್ಟದ್ದು ನಿಜ. ಆದರೆ ನೆಲಮಾಳಿಗೆಯಲ್ಲಿ ಕುಳಿತು ಪರದೇಶದ ಮಕ್ಕಳಿಗೆ ಶರೀರಶಾಸ್ತ್ರ ಹೇಳುವುದು ಶುಲ್ಕದ ಲೆಕ್ಕಕ್ಕೆ ಹಿಡಿಯುವ ಕೆಲಸವಲ್ಲ. ಆ ಬಾಕಿ ನಮ್ಮ ಖಾತೆಯಲ್ಲಿದೆ.

ಈಗ ಅಲ್ಲಿಯ ಮಕ್ಕಳ ಸಂಗತಿ. ಕೊರೋನಾ ಕಾಲದಲ್ಲಿ ಯುಕ್ರೇನಿನವರು ಒಂದು ಆನ್‌ಲೈನ್ ಶಾಲೆ ಕಟ್ಟಿಕೊಂಡಿದ್ದರು. ಯುದ್ಧ ಬಂದಾಗ ಅದು ಕೈಗೆ ಬಂತು. ಆದರೆ 2022ರ ಅಕ್ಟೋಬರದಿಂದ ರಶಿಯಾ ವಿದ್ಯುತ್ ಕೇಂದ್ರಗಳ ಮೇಲೆಯೇ ದಾಳಿಗಿಳಿಯಿತು. ಕರೆಂಟಿಲ್ಲದೆ ಯಾವ ಆನ್‌ಲೈನು? 2023ರಲ್ಲಿ ಖಾರ್ಕೀವಿನವರು ನೆಲದಡಿಯ ಮೆಟ್ರೋ ರೈಲು ನಿಲ್ದಾಣಗಳಲ್ಲಿಯೇ ತರಗತಿ ಹೂಡಿ ಮಕ್ಕಳನ್ನು ಕೂರಿಸಿದರು. ಮೊಬೈಲ್ ಪಾಠ ಮಾಡಿ ಮಾಡಿ ಅವರಿಗೆ ಗೊತ್ತಾಗಿತ್ತು: ಮಗುವಿಗೆ ಮಗುವಿನ ಜೊತೆ ಬೇಕು.

ಗಾಜಾದ ಕಥೆ ಇನ್ನೂ ಕಠಿಣ. 2023ರ ಅಕ್ಟೋಬರದಲ್ಲಿ ಶಾಲೆ ನಿಂತಾಗ ಹೊರಗುಳಿದ ಮಕ್ಕಳು ಸುಮಾರು 6 ಲಕ್ಷ 25 ಸಾವಿರ. ಶಾಲೆಯ ಕಟ್ಟಡಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಜಖಂ ಆದವು; ನಿಂತವುಗಳಲ್ಲಿ ಮನೆ ಕಳೆದುಕೊಂಡವರು ಸಂಸಾರ ಹೂಡಿದರು. ವಿಶ್ವಸಂಸ್ಥೆಯ ಪ್ಯಾಲೆಸ್ತೀನ್ ನಿರಾಶ್ರಿತರ ಸಂಸ್ಥೆ 2025ರ ಜನವರಿಯಲ್ಲಿ ದೂರಪಾಠ ಆರಂಭಿಸಿದಾಗ ಲಕ್ಷಗಟ್ಟಲೆ ಮಕ್ಕಳು ಹೆಸರು ಹಚ್ಚಿದರು. ಡೇರೆಯಲ್ಲಿ ಒಂದು ಮೊಬೈಲು; ಅದಕ್ಕೆ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರ ಸರದಿ.

ಈ ಸರದಿ ನಮಗೆ ಹೊಸದಲ್ಲ. ನಮ್ಮ ರಾಜ್ಯದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ 25ಕ್ಕೆ. ಅಂದರೆ 19 ತಿಂಗಳು. ಚಂದನ ವಾಹಿನಿಯಲ್ಲಿ ದೊಡ್ಡ ಮಕ್ಕಳಿಗೆ ‘ಸಂವೇದ’ ಪಾಠ ಬಂತು. ‘ವಿದ್ಯಾಗಮ’ವೆಂದು ಮಾಸ್ತರರು ಕೇರಿ ಕೇರಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳು ಎನ್ನದೆ ಪಾಠ ಹೇಳಿದರು, ಸೋಂಕಿನ ಭಯದಿಂದ ಅಕ್ಟೋಬರದಲ್ಲಿ ಅದನ್ನೂ ನಿಲ್ಲಿಸಲಾಯಿತು. ಹಮಾಲನ ಮನೆಯ ಒಂದೇ ಮೊಬೈಲು ಹಮಾಲನ ಜೊತೆ ಪೇಟೆಗೆ ಹೋದರೆ ಮಗುವಿನ ಶಾಲೆಯೂ ಪೇಟೆಗೆ ಹೋಗುತ್ತಿತ್ತು. ಬಾಂಬಿಲ್ಲದೆ ನಮ್ಮ ಗತಿ ಇದಾದರೆ, ಬಾಂಬು ಬೀಳುವಲ್ಲಿಯದನ್ನು ನೀವೇ ಎಣಿಸಿರಿ.

ಇನ್ನು ಆಕ್ಷೇಪಣೆ. ನಮ್ಮ ಸಾಲಿಗೇ ಮಾಸ್ತರರು ಸಾಲದು, ಹೊರಗಿನವರಿಗೆ ಯಾಕೆ ಎಂಬುದು ಕೆಟ್ಟ ಪ್ರಶ್ನೆಯಲ್ಲ. ಆದರೆ ನಾವು ಶಾಲೆಯ ವೇಳೆಯನ್ನು ಕೇಳುತ್ತಿಲ್ಲ. ಪೆನ್ಶನ್ ಪಡೆದ ಗುರುಗಳು ನಾಲ್ಕೂ ಊರುಗಳಲ್ಲಿ ಇದ್ದಾರೆ. ಬಿ.ಎಡ್. ಮುಗಿಸಿ ನೌಕರಿಯ ದಾರಿ ಕಾಯುವ ಗಿರಣಿಯವರ ಹೆಣ್ಣುಮಕ್ಕಳು ಇದ್ದಾರೆ. ಇವರು ವಾರಕ್ಕೊಂದು ತಾಸು ಅಲ್ಲಿಗೆ ಕೊಡಲಿ, ಇನ್ನೊಂದು ತಾಸು ತಮ್ಮ ಓಣಿಯ ನಾಲ್ಕು ಮಕ್ಕಳಿಗೆ ಕೊಡಲಿ. ಒಂದು ಕಲಿತ ಕೈ ಎರಡಕ್ಕೂ ಬರುತ್ತದೆ.

ಶಿಶುನಾಳ ಶಿಗ್ಗಾವಿ ತಾಲೂಕಿನದೇ ಊರು. ಕಳಸದ ಗೋವಿಂದ ಭಟ್ಟರು ಮುಸಲ್ಮಾನರ ಶರೀಫನನ್ನು ಶಿಷ್ಯನೆಂದು ಕೂಡಿಸಿಕೊಂಡಾಗ ಎರಡೂ ಕಡೆಯವರು ಬೈದರೆಂದು ಜನ ಹೇಳುತ್ತಾರೆ. ಭಟ್ಟರು ಬಿಡಲಿಲ್ಲ, ಶರೀಫನೂ ಬಿಡಲಿಲ್ಲ. ಆ ನೆಲದವರಿಗೆ ಯಾರ ಮಗು ಎಂದು ಕೇಳುವುದು ಒಪ್ಪುವುದಿಲ್ಲ.

ಆದರೆ ಉತ್ಸಾಹವೊಂದೇ ಸಾಲದು. ಯುಕ್ರೇನಿನ ಮಗು ತನ್ನ ನುಡಿಯಲ್ಲಿ ಓದುತ್ತದೆ, ಗಾಜಾದ ಮಗು ಅರಬ್ಬಿಯಲ್ಲಿ. ಸವಣೂರಿನಲ್ಲಿ ಅರಬ್ಬಿ ಓದಬಲ್ಲವರು ಸಿಕ್ಕಾರು. ಆದರೆ ಗ್ರಂಥ ಓದುವುದು ಬೇರೆ, ಆಡುಮಾತಿನಲ್ಲಿ ಭಿನ್ನರಾಶಿ ತಿಳಿಸುವುದು ಬೇರೆ. ಸದ್ಯಕ್ಕೆ ನಮ್ಮವರು ಕೊಡಬಲ್ಲದ್ದು ಇಂಗ್ಲಿಷ್ ಮಾತು. 2020ರಲ್ಲಿ ಹುಟ್ಟಿದ ‘ಎಂಜಿನ್’ ಎಂಬ ಸಂಸ್ಥೆ ಇದನ್ನೇ ಮಾಡುತ್ತ ಬಂದಿದೆ: ಒಬ್ಬ ಸ್ವಯಂಸೇವಕನಿಗೆ ಒಬ್ಬ ಯುಕ್ರೇನಿನ ವಿದ್ಯಾರ್ಥಿಯನ್ನು ಜೋಡಿಸಿ, ವಾರಕ್ಕೊಂದು ತಾಸು ಇಂಗ್ಲಿಷಿನಲ್ಲಿ ಮಾತನಾಡಿಸುತ್ತದೆ, ಹಣ ಪಡೆಯುವುದಿಲ್ಲ. ಹೀಗೆ ನಡೆಯುತ್ತಿರುವ ಸಂಸ್ಥೆಯ ಮೂಲಕವೇ ಹೋಗತಕ್ಕದ್ದು. ನೆಟ್ಟಗೆ ಮಕ್ಕಳ ನಂಬರು ಹಿಡಿದು ಮಾತಿಗಿಳಿಯುವುದು ಬೇಡ. ಮಗುವಿನ ಹಿರಿಯರಿಗೆ ತಿಳಿದಿರಲೇಬೇಕು. ಮತ್ತೊಂದು ಮಾತು: ನಿಮ್ಮ ಮನೆ ಬಿತ್ತೇ, ಅಪ್ಪ ಎಲ್ಲಿ ಎಂದು ಕೆದಕಬೇಡಿರಿ. ಅದು ತಾನಾಗಿ ಹೇಳಿದರೆ ಕೇಳಿರಿ. ಇಲ್ಲವಾದರೆ ಅದರ ಬೆಕ್ಕಿನ ವಿಷಯ, ಆಟದ ವಿಷಯ ಮಾತಾಡಿರಿ. ಮಗು ಆ ತಾಸನ್ನು ಕಾಯುವುದು ಬಹುಶಃ ಅದಕ್ಕಾಗಿಯೇ.

ಇದರಿಂದ ಶಾಲೆ ಕೆಡವಿದವರ ಸಾಲ ತೀರಿತೆಂದು ಯಾರೂ ತಿಳಿಯಬಾರದು. ಮೊಬೈಲ್ ಪಾಠ ನಡೆದಿದೆಯಲ್ಲ ಎಂದು ತೋರಿಸಿ ಕಟ್ಟಡದ ಲೆಕ್ಕ ಮುಗಿಸುವ ಸರಕಾರಗಳು ಎಲ್ಲ ದೇಶದಲ್ಲಿಯೂ ಹುಟ್ಟುತ್ತವೆ. ನಮ್ಮವರು ಪಾಠವನ್ನೂ ಹೇಳಬೇಕು, ಈ ಮಾತನ್ನೂ ಹೇಳುತ್ತಿರಬೇಕು.

ಕೊನೆಗೆ ವೇಳೆ. ಯುಕ್ರೇನಿನ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಮೂರೂವರೆ ತಾಸು, ಬೇಸಿಗೆಯಲ್ಲಿ ಎರಡೂವರೆ ತಾಸು ಹಿಂದೆ. ಅಲ್ಲಿ ಸಂಜೆ 4 ಆದಾಗ ಇಲ್ಲಿ 7-30, ಇಲ್ಲವೆ 6-30. ಅಂಗಡಿಯವರಿಗೆ ಅದು ಗಿರಾಕಿಯ ಹೊತ್ತು. ಅಂಥವರು ರವಿವಾರ ಹಿಡಿಯಲಿ. ಒಪ್ಪಿದ ವಾರ ತಪ್ಪಿಸುವುದಕ್ಕಿಂತ ಒಪ್ಪದಿರುವುದೇ ಲೇಸು. ಅಲ್ಲಿ ಮಗುವೊಂದು ಕರೆಂಟು ಬಂದಾಗ ಮೊಬೈಲ್ ಚಾರ್ಜು ಮಾಡಿಕೊಂಡು ಕಾದಿರುತ್ತದೆ. ಹೆಸರು ಬರೆಸುವವರು ಸಭೆ ಮುಗಿದ ಮೇಲೆ ಇಲ್ಲಿಯೇ ನಿಲ್ಲಿರಿ. ಪಾಳಿಯ ಚೀಟಿ ನೋಡಿಕೊಂಡು, ಯಾವ ದಿನ ಯಾವ ತಾಸು ಎಂಬುದನ್ನು ಗೊತ್ತು ಮಾಡಿಯೇ ಬರೆಸಿರಿ.